ಗುಂಡಿ ತುಂಬಿದ ಮೇಲೆ

ಇವತ್ತಿನ ಮಾತು ಸಣ್ಣ ಪಟ್ಟಣಗಳ ಶೌಚದ ಕೊಳೆಯ ಬಗ್ಗೆ. ನಾಲ್ಕು ಜನ ಸೇರಿದಲ್ಲಿ ಯಾರೂ ಎತ್ತದ ವಿಷಯ ಇದು. ಹೇಸಿಗೆ ಎಂದು ಪಕ್ಕಕ್ಕೆ ಸರಿಸುತ್ತೇವೆ. ಆದರೆ ನಾವು ಕುಡಿಯುವ ನೀರಿಗೂ, ತಿನ್ನುವ ಸೊಪ್ಪಿಗೂ, ಮಕ್ಕಳ ಆರೋಗ್ಯಕ್ಕೂ ಇದಕ್ಕೂ ನೇರ ಸಂಬಂಧವಿದೆ. ಆದ್ದರಿಂದ ಮುಚ್ಚುಮರೆಯಿಲ್ಲದೆ ಮಾತಾಡೋಣ. ನಾನು ಹೇಳಹೊರಟಿರುವುದು ಒಂದೇ ಸಂಗತಿ. ಒಳಚರಂಡಿ ಇಲ್ಲದ ಪಟ್ಟಣ ಅದು ಬರಲಿ ಎಂದು ಕಾಯುತ್ತ ಕೂರಬಾರದು. ಮನೆಮನೆಯ ಗುಂಡಿಯಲ್ಲಿ ತುಂಬಿರುವುದನ್ನು ಕ್ರಮವಾಗಿ ತೆಗೆಸಬೇಕು. ಅದನ್ನು ಊರ ಹತ್ತಿರವೇ ಶುದ್ಧಮಾಡಬೇಕು. ಇದು ಆಗದ ಹೋಗದ ಮಾತಲ್ಲ. ನಮ್ಮ ರಾಜ್ಯದ ದೇವನಹಳ್ಳಿಯಲ್ಲಿ 2015ರಲ್ಲೇ ಇಂಥದೊಂದು ಘಟಕ ಶುರುವಾಯಿತು. ಇಡೀ ಪಟ್ಟಣಕ್ಕೆಂದು ಕಟ್ಟಿದ ಇಂಥ ಘಟಕಗಳಲ್ಲಿ ದೇಶಕ್ಕೇ ಅದು ಮೊದಲನೆಯದು.

ದೇವನಹಳ್ಳಿ ಎಂದರೆ ಟಿಪ್ಪು ಸುಲ್ತಾನ್ ಹುಟ್ಟಿದ ಊರು, ಕೋಟೆಯ ಊರು, ಚಕ್ಕೋತದ ಊರು. ಈಗ ವಿಮಾನ ನಿಲ್ದಾಣದ ಊರು ಕೂಡ. 2011ರ ಜನಗಣತಿಯಲ್ಲಿ ಅಲ್ಲಿದ್ದದ್ದು ಸುಮಾರು 28 ಸಾವಿರ ಜನ. ಇದು ಬಯಲುಸೀಮೆಯ ಎತ್ತರದ ನೆಲ. ನಂದಿಬೆಟ್ಟದ ಸೀಮೆಯಲ್ಲಿ ನದಿಗಳು ಹುಟ್ಟುತ್ತವೆ ನಿಜ. ಆದರೆ ವರ್ಷವಿಡೀ ತುಂಬಿ ಹರಿಯುವ ನದಿ ಒಂದೂ ಅಲ್ಲಿಲ್ಲ. ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್. ದೊಡ್ಡ ನದಿಯ ದಡದ ಊರು ತನ್ನ ಕೊಳೆಯನ್ನು ಹೊಳೆಗೆ ಬಿಟ್ಟು ಕೈತೊಳೆದುಕೊಳ್ಳುತ್ತದೆ. ಅದು ತಪ್ಪು. ತೊಂದರೆ ಕೆಳಗಿನ ಊರಿಗೆ ಹೋಗುತ್ತದೆ. ಬಯಲುಸೀಮೆಯ ಪಟ್ಟಣಕ್ಕೆ ಆ ತಪ್ಪು ಮಾಡುವ ಅವಕಾಶವೂ ಇಲ್ಲ. ಅಲ್ಲಿ ನೆಲಕ್ಕೆ ಇಳಿದದ್ದು ಅಲ್ಲೇ ಉಳಿಯುತ್ತದೆ. ಕೆಳಗಿರುವುದು ಗಟ್ಟಿ ಬಂಡೆ. ಬಂಡೆಯ ಮೇಲಿನ ಶಿಥಿಲ ಪದರದಲ್ಲಿ, ಬಿರುಕುಗಳಲ್ಲಿ ನೀರು ನಿಂತಿರುತ್ತದೆ. ಬಾವಿಗೂ ಬೋರ್‌ವೆಲ್‌ಗೂ ಬರುವುದು ಅದೇ ನೀರು. ಊರು ತನ್ನ ಕೊಳೆಯನ್ನು ಎಲ್ಲಿ ಬಿಡುತ್ತದೋ ಅಲ್ಲಿಂದಲೇ ಕುಡಿಯುವ ನೀರನ್ನೂ ಎತ್ತುತ್ತದೆ. ನಮ್ಮ ತುಮಕೂರು, ಕೋಲಾರ, ಚಿತ್ರದುರ್ಗ ಸೀಮೆಯ ಎಷ್ಟೋ ಪಟ್ಟಣಗಳ ಸ್ಥಿತಿಯೂ ಇದೇ.

ಹಾಗಾದರೆ ಮನೆಯ ಹಿಂದಿನ ಗುಂಡಿಯಲ್ಲಿ ನಡೆಯುವುದೇನು? ಸ್ವಲ್ಪ ಬಿಡಿಸಿ ನೋಡೋಣ. ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕಿಗೆ ತಳವೂ ಗೋಡೆಯೂ ಗಟ್ಟಿಯಾಗಿರುತ್ತವೆ. ಒಳಗೆ ಎರಡು ಕೋಣೆ. ಭಾರವಾದದ್ದು ತಳಕ್ಕೆ ಇಳಿದು ಕೆಸರಾಗುತ್ತದೆ. ಜಿಡ್ಡು ಮೇಲೆ ತೇಲುತ್ತದೆ. ನಡುವಿನ ನೀರು ಹೊರಗಿನ ಇಂಗುಗುಂಡಿಗೆ ಹೋಗುತ್ತದೆ. ಗಾಳಿಯಿಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಕೆಸರನ್ನು ನಿಧಾನವಾಗಿ ಅರಗಿಸುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಿದರೆ ಟ್ಯಾಂಕು ತನ್ನ ಕೆಲಸ ತಾನು ಮಾಡುತ್ತದೆ. ಆದರೆ ನಮ್ಮ ಊರುಗಳಲ್ಲಿ ಹೆಚ್ಚಾಗಿರುವುದು ಸಿಮೆಂಟ್ ರಿಂಗು ಇಳಿಸಿದ ಗುಂಡಿ. ಅದಕ್ಕೆ ತಳವೇ ಇಲ್ಲ. ನೀರು ಇಂಗಲಿ, ಗುಂಡಿ ಬೇಗ ತುಂಬದಿರಲಿ ಎಂದು ಬೇಕೆಂದೇ ಹಾಗೆ ಬಿಡುತ್ತಾರೆ. ಹತ್ತು ವರ್ಷ ತುಂಬದ ಗುಂಡಿ ಒಳ್ಳೆಯ ಗುಂಡಿ ಎಂಬುದು ಮನೆಯವರ ಲೆಕ್ಕ. ಆ ಹತ್ತು ವರ್ಷ ಅದರ ನೀರು ಎಲ್ಲಿಗೆ ಹೋಯಿತು ಎಂಬ ಲೆಕ್ಕ ಯಾರೂ ಇಡುವುದಿಲ್ಲ. ಅದರ ಜೊತೆ ಸಾರಜನಕವೂ ಇಳಿದು ನೈಟ್ರೇಟ್ ಆಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಮೀರಿದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಬಯಲುಸೀಮೆಯ ಪಟ್ಟಣದ ಕೊಳೆ ಅದೇ ಪಟ್ಟಣದ ನೀರಿಗೆ ಇಳಿಯುತ್ತದೆ. ಮುಂದಿನ ಪ್ರಶ್ನೆ, ಗುಂಡಿ ತುಂಬಿದ ಮೇಲೆ ಏನಾಗುತ್ತದೆ? ಮನೆಯವರು ಸಕ್ಕಿಂಗ್ ಗಾಡಿಗೆ ಫೋನ್ ಮಾಡುತ್ತಾರೆ. ಟ್ಯಾಂಕರು ಬರುತ್ತದೆ. ಗುಂಡಿಯ ಚಪ್ಪಡಿ ಸರಿಸಿ, ದಪ್ಪನೆಯ ಪೈಪು ಇಳಿಸುತ್ತಾರೆ. ಪಂಪು ಎಳೆಯುತ್ತದೆ. ಅರ್ಧ ಗಂಟೆಯೊಳಗೆ ಮೂರು ಸಾವಿರ ಲೀಟರಿನಷ್ಟು ಕರಿಯ ಕೆಸರು ಟ್ಯಾಂಕರಿಗೆ ಏರುತ್ತದೆ. ಹಣ ಕೊಟ್ಟು ಬಾಗಿಲು ಹಾಕಿಕೊಂಡರೆ ಮನೆಯವರ ಮಟ್ಟಿಗೆ ಕೆಲಸ ಮುಗಿಯಿತು. ಊರಿನ ಮಟ್ಟಿಗೆ ಕೆಲಸ ಶುರುವಾಗುವುದೇ ಆಗ. ಶುದ್ಧೀಕರಣ ಘಟಕ ಇಲ್ಲದ ಊರಲ್ಲಿ ಆ ಗಾಡಿಗೆ ಹೋಗಲು ಒಂದು ಜಾಗವೇ ಇಲ್ಲ. ಅದು ರಾಜಕಾಲುವೆಗೆ ಸುರಿಯಬಹುದು, ಕೆರೆಯಂಗಳಕ್ಕೆ ಸುರಿಯಬಹುದು, ಯಾರದೋ ಹೊಲಕ್ಕೆ ಬಿಡಬಹುದು. ಚಾಲಕನನ್ನು ಬೈದು ಪ್ರಯೋಜನವಿಲ್ಲ. ಸುರಿಯಲು ನಾವು ಜಾಗ ಕೊಟ್ಟಿಲ್ಲ. ಈ ಕೆಸರು ಚರಂಡಿ ನೀರಿನಂತೆ ತೆಳುವಲ್ಲ ಎಂಬುದನ್ನೂ ನೆನಪಿಡಬೇಕು. ಸಾಮಾನ್ಯ ಕೊಳಚೆ ನೀರಿಗಿಂತ ಇದು ಹತ್ತಾರು ಪಟ್ಟು ಗಾಢ. ಒಂದು ಟ್ಯಾಂಕರು ಕೆಸರನ್ನು ಕೆರೆಗೆ ಬಿಡುವುದೆಂದರೆ ಒಂದು ಕುಟುಂಬದ ವರ್ಷಾನುಗಟ್ಟಲೆಯ ಮಲವನ್ನು ಒಂದೇ ದಿನ ನೀರಿಗೆ ಸೇರಿಸಿದಂತೆ.

ಈಗ ದೇವನಹಳ್ಳಿಯ ಘಟಕಕ್ಕೆ ಬರೋಣ. ಪುರಸಭೆಯ ಜೊತೆ ಸೇರಿ ಇದನ್ನು ರೂಪಿಸಿದ್ದು ಬೆಂಗಳೂರಿನ ಸಿಡಿಡಿ ಸೊಸೈಟಿ ಎಂಬ ಸಂಸ್ಥೆ. ದಿನಕ್ಕೆ ಆರು ಸಾವಿರ ಲೀಟರ್ ಇದರ ಸಾಮರ್ಥ್ಯ. ಎಂದರೆ ಎರಡು ಸಣ್ಣ ಟ್ಯಾಂಕರು. ಆಕಾಶಕ್ಕೆದ್ದ ಗೋಪುರ, ಗಿರಗಿರ ತಿರುಗುವ ಯಂತ್ರ ಇಲ್ಲಿಲ್ಲ. ಕೊಳೆ ಎತ್ತರದಿಂದ ತಗ್ಗಿಗೆ ತಾನಾಗಿಯೇ ಇಳಿಯುವಂತೆ ತೊಟ್ಟಿಗಳನ್ನು ಜೋಡಿಸಿದ್ದಾರೆ. ಗಾಡಿ ಮೇಲ್ಗಡೆ ನಿಂತು ಪೈಪು ಬಿಡುತ್ತದೆ. ಮೊದಲು ಸಿಗುವುದು ಕಬ್ಬಿಣದ ಜಾಲರಿ. ಬಟ್ಟೆ ಚೂರು, ಪ್ಲಾಸ್ಟಿಕ್ಕು, ಗುಂಡಿಗೆ ಬೀಳಬಾರದ ಎಲ್ಲವೂ ಅಲ್ಲಿ ತಡೆದು ನಿಲ್ಲುತ್ತವೆ. ಆಮೇಲಿನ ತೊಟ್ಟಿಯಲ್ಲಿ ಗಟ್ಟಿಯೂ ತಿಳಿಯೂ ಬೇರೆಯಾಗುತ್ತವೆ. ಗಟ್ಟಿ ಭಾಗ ಗೋಬರ್ ಗ್ಯಾಸಿನ ಮಾದರಿಯ ತೊಟ್ಟಿಗೆ ಹೋಗುತ್ತದೆ. ಅಲ್ಲಿ ಅರಗಿ, ಕೊನೆಗೆ ಒಣಗುವ ಹಾಸಿನ ಮೇಲೆ ಹರಡಿಕೊಳ್ಳುತ್ತದೆ. ಆ ಹಾಸಿನ ಕೆಳಗೆ ಜಲ್ಲಿ, ಮೇಲೆ ಮರಳು. ನೀರು ಬಸಿದು ಕೆಳಗಿಳಿಯುತ್ತದೆ. ಬಿಸಿಲಿಗೆ ಕೆಸರು ಒಣಗಿ, ಬಿರುಕು ಬಿಟ್ಟು, ಸಲಿಕೆಯಲ್ಲಿ ಎತ್ತುವ ಹೆಂಟೆಯಾಗುತ್ತದೆ. ಬಸಿದ ತಿಳಿ ನೀರು ಇನ್ನೊಂದು ದಾರಿ ಹಿಡಿಯುತ್ತದೆ. ಗಾಳಿಯಾಡದ ಸೋಸು ತೊಟ್ಟಿ ದಾಟಿ, ಗಿಡ ಬೆಳೆಸಿದ ಜಲ್ಲಿಯ ಪಾತಿಯೊಳಗೆ ಹಾಯ್ದು, ಶೇಖರಣಾ ತೊಟ್ಟಿ ಸೇರುತ್ತದೆ.

ಘಟಕದ ಬಗೆ ತಿಳಿಯಿತು. ಇದು ಹೊಸ ಪ್ರಯೋಗ, ನಂಬುವುದು ಹೇಗೆ ಎಂಬ ಅನುಮಾನ ಬರಬಹುದು. ಇಲ್ಲಿ ಕೆಲಸ ಮಾಡುವವು ಸೂಕ್ಷ್ಮಜೀವಿಗಳು. ಅವುಗಳಿಂದ ಕೊಳಚೆ ಶುದ್ಧಮಾಡಿಸುವ ವಿದ್ಯೆಗೆ ನೂರು ವರ್ಷ ದಾಟಿದೆ. ಗಾಳಿ ಊದಿ ಜೀವಾಣುಗಳನ್ನು ಬೆಳೆಸಿ ಕೊಳಚೆ ತಿಳಿಗೊಳಿಸುವ ವಿಧಾನವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1914ರಲ್ಲಿ ಪ್ರಕಟಿಸಿದರು. ಆ ಕೆಲಸಕ್ಕೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಎಂದರೆ ಈ ವಿದ್ಯೆಯ ತಿಳುವಳಿಕೆ ನಮ್ಮ ರಾಜಧಾನಿಗೆ ಬಂದು ಒಂದು ಶತಮಾನವೇ ಕಳೆದಿದೆ. ಮ್ಯಾಂಚೆಸ್ಟರಿನ ವಿಧಾನಕ್ಕೆ ಗಾಳಿ ಬೇಕು, ಗಾಳಿ ಊದಲು ವಿದ್ಯುತ್ ಬೇಕು. ದೇವನಹಳ್ಳಿಯಲ್ಲಿ ಆರಿಸಿಕೊಂಡದ್ದು ಗಾಳಿ ಬೇಡದ ಜೀವಾಣುಗಳನ್ನು. ಅವು ನಿಧಾನ. ಆದರೆ ಕರೆಂಟು ಹೋದಾಗ ಕೆಲಸ ನಿಲ್ಲಿಸುವುದಿಲ್ಲ. ಸಣ್ಣ ಪುರಸಭೆಗೆ ಈ ಗುಣ ವೇಗಕ್ಕಿಂತ ದೊಡ್ಡದು.

ಮುಂದಿನ ಆಕ್ಷೇಪ ರೈತರ ಕಡೆಯಿಂದ ಬರುತ್ತದೆ. ಗುಂಡಿಯ ಕೆಸರನ್ನು ಹೊಲಕ್ಕೆ ಹಾಕುವುದು ಹೊಸದೇನಲ್ಲ, ಬೆಳೆ ಚೆನ್ನಾಗಿಯೇ ಬರುತ್ತದೆ, ಘಟಕ ಯಾಕೆ ಎನ್ನುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮಲದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲವೂ ಇವೆ. ಅದನ್ನು ಮಣ್ಣಿಗೆ ಮರಳಿಸುವುದು ಒಳ್ಳೆಯದೇ. ಆದರೆ ಹಸಿ ಕೆಸರಿನಲ್ಲಿ ಟೈಫಾಯ್ಡ್, ಕಾಮಾಲೆ, ಭೇದಿಯ ರೋಗಾಣುಗಳೂ ಇರುತ್ತವೆ. ಜಂತುಹುಳದ ಮೊಟ್ಟೆಗಳು ಇನ್ನೂ ಮೊಂಡು. ಅವುಗಳ ಸಿಪ್ಪೆ ದಪ್ಪ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲವು. ಬರಿಗಾಲಲ್ಲಿ ಆ ಹೊಲಕ್ಕೆ ಇಳಿಯುವ ಕೂಲಿಯಾಳಿಗೆ, ಆ ಹೊಲದ ಸೊಪ್ಪು ಹಸಿಯಾಗಿ ತಿನ್ನುವ ಮಗುವಿಗೆ ಅಪಾಯ ತಪ್ಪಿದ್ದಲ್ಲ. ದೇವನಹಳ್ಳಿಯಲ್ಲಿ ಇದಕ್ಕೆ ಕಂಡುಕೊಂಡ ದಾರಿ ಸರಳ. ಒಣಗಿದ ಕೆಸರನ್ನು ಊರಿನ ಹಸಿ ಕಸದ ಜೊತೆ ಬೆರೆಸಿ ರಾಶಿ ಹಾಕುವುದು. ರಾಶಿ ಕೊಳೆಯುವಾಗ ಒಳಗೆ ಕಾವು ಏಳುತ್ತದೆ. 55 ಡಿಗ್ರಿ ದಾಟಿದ ಕಾವು ಹಲವು ದಿನ ನಿಂತರೆ ಜಂತುಹುಳದ ಮೊಟ್ಟೆಯೂ ಸಾಯುತ್ತದೆ. ರಾಶಿಯನ್ನು ಆಗಾಗ ಮಗುಚಬೇಕು, ಹೊರಗಿನದು ಒಳಗೆ ಬರಬೇಕು. ಆಮೇಲೆ ಉಳಿಯುವುದು ಮಣ್ಣಿನ ವಾಸನೆಯ ಕಂದು ಗೊಬ್ಬರ. ರೈತರಿಗೆ ಬೇಕಾದ ಸಾರ ಅದರಲ್ಲಿ ಉಳಿದಿರುತ್ತದೆ, ರೋಗ ಉಳಿದಿರುವುದಿಲ್ಲ. ಕಸ ಮತ್ತು ಕೆಸರು ಎಂಬ ಎರಡು ತಲೆನೋವಿಗೆ ಒಂದೇ ಮದ್ದಾಯಿತು.

ಕೆಸರು ತೆಗೆದು, ಒಣಗಿಸಿ, ಗೊಬ್ಬರ ಮಾಡಬಹುದು ಎಂಬಲ್ಲಿಗೆ ಬಂದೆವು. ಈಗ ಎಲ್ಲಕ್ಕಿಂತ ದೊಡ್ಡ ಆಕ್ಷೇಪ. ದೊಡ್ಡ ನಗರಕ್ಕೆ ಒಳಚರಂಡಿ, ಸಣ್ಣ ಊರಿಗೆ ಗುಂಡಿಯೇ ಗತಿಯೇ? ಇದು ಎರಡನೇ ದರ್ಜೆಯ ಏರ್ಪಾಡಲ್ಲವೇ? ಈ ಪ್ರಶ್ನೆಯ ಹಿಂದೆ ನ್ಯಾಯವಾದ ಸಿಟ್ಟಿದೆ, ಅದನ್ನು ಗೌರವಿಸಬೇಕು. ಆದರೆ ಒಳಚರಂಡಿಗೆ ಬೇಕಾದದ್ದು ಪೈಪು ಮಾತ್ರ ಅಲ್ಲ. ಪೈಪಿನೊಳಗೆ ಮಲ ಕಟ್ಟಿಕೊಳ್ಳದೆ ಸಾಗಬೇಕಾದರೆ ಧಾರಾಳವಾಗಿ ನೀರು ಹರಿಯಬೇಕು. ಅದಕ್ಕೇ ಸರ್ಕಾರದ ಎಂಜಿನಿಯರಿಂಗ್ ಕೈಪಿಡಿ ಒಳಚರಂಡಿ ಇರುವ ಊರಿಗೆ ದಿನಕ್ಕೆ ತಲಾ 135 ಲೀಟರ್ ನೀರು ಬೇಕು ಎನ್ನುತ್ತದೆ. ಇಲ್ಲದ ಊರಿಗೆ 70 ಲೀಟರ್ ಎನ್ನುತ್ತದೆ. ವಾರಕ್ಕೆ ಎರಡು ದಿನ ನಲ್ಲಿ ಬರುವ ಊರು 135 ಲೀಟರನ್ನು ಎಲ್ಲಿಂದ ತರಬೇಕು? ತಗ್ಗಿನ ಬಡಾವಣೆಯ ಕೊಳಚೆಯನ್ನು ಮೇಲೆತ್ತಲು ಪಂಪು ಬೇಕು, ತಿಂಗಳು ತಿಂಗಳು ಕರೆಂಟು ಬಿಲ್ಲು ಕಟ್ಟಬೇಕು. ಪ್ರತಿ ಮನೆಯವರೂ ಖರ್ಚು ಮಾಡಿ ಸಂಪರ್ಕ ಪಡೆಯಬೇಕು. ಇದರಲ್ಲಿ ಒಂದು ತಪ್ಪಿದರೂ ಕೊನೆಯಲ್ಲಿರುವ ಶುದ್ಧೀಕರಣ ಘಟಕಕ್ಕೆ ನೀರೇ ತಲುಪುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ಲೆಕ್ಕ ನೋಡಿ. ದೇಶದ ನಗರ ಪಟ್ಟಣಗಳಲ್ಲಿ ದಿನಕ್ಕೆ ಹುಟ್ಟುವ ಕೊಳಚೆ ಸುಮಾರು 7,200 ಕೋಟಿ ಲೀಟರ್. ಕಟ್ಟಿರುವ ಘಟಕಗಳ ಸಾಮರ್ಥ್ಯ ಸುಮಾರು 3,200 ಕೋಟಿ ಲೀಟರ್. ನಿಜವಾಗಿ ಶುದ್ಧವಾಗುವುದು ಸುಮಾರು 2,000 ಕೋಟಿ ಲೀಟರ್ ಮಾತ್ರ. ಎಂದರೆ ಕಟ್ಟಿದ ಸಾಮರ್ಥ್ಯದಲ್ಲೇ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತಿಲ್ಲ. ಕಟ್ಟುವುದು ಒಂದು ದಿನದ ಉದ್ಘಾಟನೆ, ನಡೆಸುವುದು ನಿತ್ಯದ ದುಡಿಮೆ. ಪುರಸಭೆಗೆ ನಡೆಸಲು ಎಟುಕುವ ಏರ್ಪಾಡು ಯಾವುದೋ ಅದೇ ಅದಕ್ಕೆ ಮೊದಲ ದರ್ಜೆಯದು. ಮುಂದೆ ಒಳಚರಂಡಿ ಬಂದರೂ ಇದು ವ್ಯರ್ಥವಾಗುವುದಿಲ್ಲ. ಪೈಪು ತಲುಪದ ಹೊರಬಡಾವಣೆಗಳಿಗೆ, ಸುತ್ತಲಿನ ಹಳ್ಳಿಗಳಿಗೆ ಈ ಘಟಕ ಬೇಕೇ ಬೇಕು.

ಹಾಗೆಂದು ಇದರ ಮಿತಿಗಳನ್ನು ಮುಚ್ಚಿಡುವುದು ಸರಿಯಲ್ಲ. ಮೊದಲ ಮಿತಿ, ಬಚ್ಚಲು ಮತ್ತು ಅಡುಗೆಮನೆಯ ನೀರು. ತಲಾ 70 ಲೀಟರ್ ಹಿಡಿದರೂ 28 ಸಾವಿರ ಜನರ ಊರಲ್ಲಿ ದಿನಕ್ಕೆ 15 ಲಕ್ಷ ಲೀಟರಿಗೂ ಹೆಚ್ಚು ಬಳಸಿದ ನೀರು ಹೊರಬೀಳುತ್ತದೆ. ಅದರಲ್ಲಿ ಹೆಚ್ಚಿನದು ತೆರೆದ ಚರಂಡಿಯಲ್ಲಿ ಕೆರೆಯ ಕಡೆಗೆ ಹರಿಯುತ್ತದೆ. ಆರು ಸಾವಿರ ಲೀಟರಿನ ಘಟಕ ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಚರಂಡಿಯ ಕೊನೆಯಲ್ಲಿ, ಕೆರೆಗೆ ಸೇರುವ ಮುನ್ನ, ಬೇರೆ ಏರ್ಪಾಡು ಬೇಕು. ಆದರೆ ರೋಗಾಣುಗಳ ಬಹುಪಾಲು ಇರುವುದು ಮಲದಲ್ಲಿ. ಪ್ರಮಾಣದಲ್ಲಿ ಸಣ್ಣದು, ಅಪಾಯದಲ್ಲಿ ದೊಡ್ಡದು. ಮೊದಲು ಅದನ್ನು ಹಿಡಿಯುವುದೇ ವಿವೇಕ. ಎರಡನೇ ಮಿತಿ, ಗಾತ್ರ. ದಿನಕ್ಕೆ ಎರಡು ಟ್ಯಾಂಕರು, ವರ್ಷಕ್ಕೆ 300 ದಿನ ಎಂದರೆ 600 ಮನೆ. ಮೂರು ವರ್ಷಕ್ಕೆ 1,800 ಮನೆ. ಇಡೀ ಊರಿನ ಗುಂಡಿಗಳನ್ನು ಮೂರು ವರ್ಷಕ್ಕೊಮ್ಮೆ ತೆಗೆಸಬೇಕೆಂದರೆ ಇದು ಸಾಲದು. ಊರು ಬೆಳೆದಂತೆ ಘಟಕವೂ ಬೆಳೆಯಬೇಕು. ಮೂರನೇ ಮಿತಿ, ತಳವಿಲ್ಲದ ಗುಂಡಿ. ಕೆಸರು ತೆಗೆದರೂ ನೀರು ಇಂಗುತ್ತಲೇ ಇರುತ್ತದೆ. ಹೊಸ ಮನೆಗೆ ಪರವಾನಗಿ ಕೊಡುವಾಗಲೇ ತಳ ಗಟ್ಟಿಯಿರುವ ಎರಡು ಕೋಣೆಯ ಟ್ಯಾಂಕು ಕಟ್ಟಿಸುವುದು ಪುರಸಭೆಯ ಕೈಯಲ್ಲಿದೆ.

ಮಿತಿಗಳ ಮಾತಾಯಿತು. ಇನ್ನು ದುಡ್ಡಿನ ಮಾತು. ಜನ ಇದಕ್ಕೆ ಹಣ ಕೊಡುತ್ತಾರೆಯೇ? ಗುಂಡಿ ಉಕ್ಕಿದಾಗ ಹೇಗೂ ಕೊಡುತ್ತಿದ್ದಾರೆ, ಅದೂ ಒಟ್ಟಿಗೆ, ತುರ್ತಿನಲ್ಲಿ. ಬಡವರಿಗೆ ಅದು ಹೊರೆ. ಹಾಗಾಗಿಯೇ ಅವರು ತೆಗೆಸುವುದನ್ನು ಮುಂದೂಡುತ್ತಾರೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ವಾಯಿ ಪಟ್ಟಣ ಇದಕ್ಕೊಂದು ದಾರಿ ತೋರಿಸಿದೆ. ಕೃಷ್ಣಾ ನದಿಯ ದಡದ ಸಣ್ಣ ಊರು ಅದು. ಆ ನದಿ ಮುಂದೆ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೆ ಹರಿದು ಬರುತ್ತದೆ. ವಾಯಿಯಲ್ಲಿ ಮನೆಯವರು ಕರೆಯುವ ತನಕ ಕಾಯುವುದಿಲ್ಲ. ಸುಮಾರು ಮೂರು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಗಾಡಿ ಮನೆಬಾಗಿಲಿಗೆ ಬರುತ್ತದೆ. ಅದರ ಖರ್ಚನ್ನು ತೆರಿಗೆಯ ಮೂಲಕವೇ ಹೊಂದಿಸುತ್ತಾರೆ. ಮನೆಯವರಿಗೆ ಒಮ್ಮೆಲೇ ದೊಡ್ಡ ಮೊತ್ತ ಕೊಡುವ ಪ್ರಮೇಯವಿಲ್ಲ. ಪುರಸಭೆಗೂ ವರ್ಷಕ್ಕೆ ಎಷ್ಟು ಟ್ಯಾಂಕರು ಬರುತ್ತದೆಂದು ಮುಂಚೆಯೇ ಗೊತ್ತಿರುತ್ತದೆ. ಒಡಿಶಾ ರಾಜ್ಯವಂತೂ ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ ಮಲತ್ಯಾಜ್ಯ ಘಟಕಗಳನ್ನು ಕಟ್ಟಿದೆ. ಕೇಂದ್ರ ಸರ್ಕಾರ 2017ರಲ್ಲೇ ಇದಕ್ಕೊಂದು ರಾಷ್ಟ್ರೀಯ ನೀತಿ ತಂದಿದೆ. ದೇವನಹಳ್ಳಿ ಹಾಕಿಕೊಟ್ಟ ದಾರಿಯಲ್ಲಿ ಬೇರೆ ರಾಜ್ಯಗಳು ನಮಗಿಂತ ಮುಂದೆ ಹೋಗಿವೆ.

ದುಡ್ಡಿಗಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಈ ಕೆಲಸ ಮಾಡುವವರ ಜೀವ. ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲೇ ನಿಷೇಧಿಸಿದವರು ಅಂದಿನ ಮಂತ್ರಿ ಬಿ. ಬಸವಲಿಂಗಪ್ಪ. 2013ರಲ್ಲಿ ಕೇಂದ್ರದ ಕಾನೂನು ಬಂತು. ಗುಂಡಿಯೊಳಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಅಪರಾಧ. ಆದರೂ ಸಾವು ನಿಂತಿಲ್ಲ. ಗುಂಡಿಯ ವಿಷಾನಿಲ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸುತ್ತದೆ. ಕಾಪಾಡಲು ಇಳಿದವರೂ ಸಾಯುತ್ತಾರೆ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಯಾವ ಪರಿಹಾರವೂ ಹೋದ ಜೀವಕ್ಕೆ ಸಮವಲ್ಲ. ವರ್ಷಗಟ್ಟಲೆ ಬಿಟ್ಟ ಗುಂಡಿಯಲ್ಲಿ ಕೆಸರು ಗಟ್ಟಿಯಾಗುತ್ತದೆ. ಪೈಪು ಎಳೆಯುವುದಿಲ್ಲ. ಆಗಲೇ ಯಾರನ್ನಾದರೂ ಒಳಗೆ ಇಳಿಸುವ ದುರ್ಬುದ್ಧಿ ಬರುವುದು. ಸರದಿಯಂತೆ ತೆಗೆಸಿದರೆ ಕೆಸರು ತೆಳುವಾಗಿರುತ್ತದೆ, ಯಂತ್ರವೇ ಎಳೆಯುತ್ತದೆ. ಆದ್ದರಿಂದ ಕ್ರಮವಾಗಿ ಗುಂಡಿ ತೆಗೆಸುವುದು ಪೌರಕಾರ್ಮಿಕರ ಜೀವ ಉಳಿಸುವ ಕೆಲಸವೂ ಹೌದು.

ಕೊನೆಯ ಆಕ್ಷೇಪ: ಘಟಕ ಬೇಕು, ಆದರೆ ನಮ್ಮ ಬಡಾವಣೆಯ ಹತ್ತಿರ ಬೇಡ. ವಾಸನೆಯ ಭಯ ಸುಳ್ಳಲ್ಲ. ಜಾಲರಿ ತೊಳೆಯದೆ ಬಿಟ್ಟರೆ, ತೊಟ್ಟಿ ಮುಚ್ಚದೆ ಬಿಟ್ಟರೆ ವಾಸನೆ ಬಂದೇ ಬರುತ್ತದೆ. ಅದಕ್ಕೆ ಮದ್ದು ದಿನನಿತ್ಯದ ಉಸ್ತುವಾರಿ, ಸುತ್ತ ಗಿಡಮರ, ಯಾವಾಗ ಬೇಕಾದರೂ ಹೋಗಿ ನೋಡಲು ಜನರಿಗೆ ಅವಕಾಶ. ಘಟಕವನ್ನು ದೂರ ತಳ್ಳಿದಷ್ಟೂ ಟ್ಯಾಂಕರಿಗೆ ಡೀಸೆಲ್ ಖರ್ಚು ಹೆಚ್ಚು. ದಾರಿಯಲ್ಲೇ ಸುರಿಯುವ ಆಸೆಯೂ ಹೆಚ್ಚು.

ಕೇಳುಗರೇ, ಒಟ್ಟು ಮಾತು ಇದು. ನಮ್ಮ ಕೊಳೆ ನಮ್ಮ ನೀರಿಗೇ ಬರುತ್ತದೆ. ಅದನ್ನು ತಡೆಯುವ ಸಣ್ಣ, ನಡೆಸಲು ಎಟುಕುವ ದಾರಿ ನಮ್ಮ ರಾಜ್ಯದಲ್ಲೇ ಇದೆ. ಅದಕ್ಕೆ ಬೇಕಾದದ್ದು ಒಂದಿಷ್ಟು ಜಾಗ, ಕ್ರಮ ಮತ್ತು ನಿತ್ಯದ ನಿಗಾ. ನಿಮ್ಮ ವಾರ್ಡಿನ ಸದಸ್ಯರನ್ನು, ಪುರಸಭೆಯ ಮುಖ್ಯಾಧಿಕಾರಿಯನ್ನು ಮೂರು ಪ್ರಶ್ನೆ ಕೇಳಿ. ನಮ್ಮೂರಿನ ಸಕ್ಕಿಂಗ್ ಗಾಡಿ ಎಲ್ಲಿ ಸುರಿಯುತ್ತದೆ? ಘಟಕವಿದ್ದರೆ ಕಳೆದ ತಿಂಗಳು ಅಲ್ಲಿಗೆ ಎಷ್ಟು ಟ್ಯಾಂಕರು ಬಂತು? ಇಲ್ಲದಿದ್ದರೆ ಅದಕ್ಕೆ ಜಾಗ ಯಾವಾಗ ಗುರುತಿಸುತ್ತೀರಿ? ಉತ್ತರ ಬಾಯಿಮಾತಿನಲ್ಲಿ ಸಾಲದು, ಬರಹದಲ್ಲಿ ಕೇಳಿ. ಜೊತೆಗೆ ನಿಮ್ಮ ಮನೆಯ ಗುಂಡಿಗೆ ತಳವಿದೆಯೇ, ಕೊನೆಯ ಸಲ ತೆಗೆಸಿದ್ದು ಯಾವಾಗ ಎಂದು ಈ ವಾರವೇ ವಿಚಾರಿಸಿ. ಮನೆಯವರು ಮತ್ತು ಪುರಸಭೆಯವರು ಇಬ್ಬರೂ ತಮ್ಮ ಪಾಲಿನ ಲೆಕ್ಕ ಇಟ್ಟರೆ ಒಳಚರಂಡಿ ಬರುವ ಮೊದಲೇ ಊರಿನ ನೀರು ಎಷ್ಟೋ ಸುಧಾರಿಸುತ್ತದೆ.